ಮಂತ್ರದಂಡವನ್ನು ಮುರಿದು ನೋಡೋಣ

ಮಂತ್ರದಂಡ ಅನ್ನೋ ಪದ ನಮಗೆಲ್ಲ ಗೊತ್ತು. ಹ್ಯಾರಿ ಪಾಟರ್ ಕೈಯಲ್ಲಿ ಇರೋದು ಅದೇ. ಮಕ್ಕಳ ಸಿನಿಮಾದಲ್ಲಿ ರೆಕ್ಕೆ ಇರೋ ಹುಡುಗಿ ಬೀಸೋದೂ ಅದನ್ನೇ. ಪೇಪರ್ ಓದೋ ಅಭ್ಯಾಸ ಇರುವವರಿಗೆ ಇದು ಇನ್ನೊಂದು ಜಾಗದಲ್ಲೂ ಸಿಕ್ಕಿರುತ್ತೆ. ಮಳೆ ಬಂದು ರಸ್ತೆ ಕೆರೆಯಾದಾಗ, ತರಕಾರಿ ಬೆಲೆ ಏರಿದಾಗ, ಯಾರಾದರೂ ಒಬ್ಬರು ಮೈಕ್ ಮುಂದೆ ನಿಂತು "ಒಂದೇ ದಿನದಲ್ಲಿ ಎಲ್ಲ ಸರಿ ಮಾಡೋಕೆ ನಮ್ಮ ಹತ್ತಿರ ಮಂತ್ರದಂಡ ಇಲ್ಲ" ಅಂತ ಹೇಳೇ ಹೇಳುತ್ತಾರೆ.

ಇಷ್ಟು ಸಲ ಕೇಳಿದ ಪದವನ್ನು ನಾವು ಬಿಡಿಸಿ ನೋಡಿದ್ದೀವಾ? ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಪದಗಳನ್ನು ಬಿಚ್ಚಿ ನೋಡೋ ಚಟ ಹತ್ತಿದ್ದು ಕಾಲೇಜಿಗೆ ಬಂದ ಮೇಲೆ. ಲ್ಯಾಬ್‌ನಲ್ಲಿ ಹಳೇ ಮೋಟರ್ ಬಿಚ್ಚಿದಾಗ ಸಿಗೋ ಖುಷಿ ಇದರಲ್ಲೂ ಸಿಗುತ್ತೆ. ಹಾಗಾಗಿ ಈ ಸಲ ಮಂತ್ರದಂಡವನ್ನು ಎರಡು ತುಂಡು ಮಾಡೋಣ. ಮೊದಲೇ ಹೇಳಿಬಿಡ್ತೀನಿ, ಒಳಗೆ ಸಿಗೋದು ಜಾದೂ ಅಲ್ಲ. ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತಿರೋ ಸಾಮಾನುಗಳೇ ಸಿಗುತ್ತವೆ.

ಮೊದಲ ತುಂಡು: ಮಂತ್ರ

'ಮಂತ್ರ' ಸಂಸ್ಕೃತದಿಂದ ಬಂದ ಪದ. ಅದರಲ್ಲಿ ಎರಡು ಭಾಗ ಇದೆ. ಮೊದಲನೆಯದು 'ಮನ್' ಅನ್ನೋ ಧಾತು, ಅಂದರೆ ಯೋಚಿಸು. ನಾವು ದಿನಾ ಹೇಳೋ ಮನಸ್ಸು, ಮನನ, ಮತಿ ಎಲ್ಲ ಇದೇ ಧಾತುವಿನಿಂದ ಹುಟ್ಟಿದವು. ಎರಡನೆಯದು 'ತ್ರ' ಅನ್ನೋ ಪ್ರತ್ಯಯ. ಧಾತುವಿನ ಮುಂದೆ ಇದನ್ನು ಹಚ್ಚಿದರೆ 'ಆ ಕೆಲಸ ಮಾಡೋಕೆ ಬೇಕಾದ ಸಾಧನ' ಅನ್ನೋ ಅರ್ಥ ಬರುತ್ತೆ. ಅಂದರೆ ಮಂತ್ರ ಅಂದರೆ ಯೋಚನೆಯ ಸಾಧನ.

ಸಂಪ್ರದಾಯದಲ್ಲಿ ಇನ್ನೊಂದು ವಿವರಣೆಯೂ ಇದೆ. ಮನನ ಮಾಡಿದವರನ್ನು ಕಾಪಾಡೋದು ಮಂತ್ರ ಅಂತ. ಅಲ್ಲಿ 'ತ್ರ'ವನ್ನು 'ಕಾಪಾಡು' ಅನ್ನೋ ಅರ್ಥದ ಬೇರೆ ಧಾತುವಿಗೆ ಜೋಡಿಸುತ್ತಾರೆ. ಪ್ರವಚನಗಳಲ್ಲಿ ಹೆಚ್ಚಾಗಿ ಕೇಳೋದು ಇದೇ. ವ್ಯಾಕರಣದ ದಾರಿಯಲ್ಲಿ ಹೋದರೆ ಮಾತ್ರ ಸಿಗೋದು ಸಾಧನ ಅನ್ನೋ ಅರ್ಥ.

ಈ 'ತ್ರ' ಒಂದು ಒಳ್ಳೆ ಫಂಕ್ಷನ್ ಇದ್ದ ಹಾಗೆ. ಒಳಗೆ ಧಾತು ಹಾಕಿ, ಹೊರಗೆ ಸಾಧನ ಬರುತ್ತೆ.

'ಶಸ್' ಅಂದರೆ ಕತ್ತರಿಸು, ಕತ್ತರಿಸೋ ಸಾಧನ ಶಸ್ತ್ರ.
'ನೀ' ಅಂದರೆ ಕರೆದುಕೊಂಡು ಹೋಗು, ದಾರಿ ತೋರಿಸಿ ನಡೆಸೋದು ನೇತ್ರ.
'ಪಾ' ಅಂದರೆ ಕುಡಿ, ಕುಡಿಯೋಕೆ ಬಳಸೋದು ಪಾತ್ರ, ನಮ್ಮ ಅಡುಗೆಮನೆಯ ಪಾತ್ರೆ.
'ವಸ್' ಅಂದರೆ ಉಡು, ಉಡೋದು ವಸ್ತ್ರ.
'ಖನ್' ಅಂದರೆ ಅಗೆ, ಅಗೆಯೋ ಗುದ್ದಲಿ ಖನಿತ್ರ. ನಮ್ಮ 'ಗಣಿ' ಪದ ಬಂದಿರೋದೂ ಈ ಧಾತುವಿನಿಂದಲೇ ('ಖನಿ' ಹೋಗಿ 'ಗಣಿ').

ಈಗ ನಮ್ಮ ಬ್ರಾಂಚ್‌ಗಳಿಗೆ ಬರೋಣ. 'ಯಮ್' ಅಂದರೆ ಹಿಡಿತದಲ್ಲಿಡು. ಹಿಡಿತದಲ್ಲಿಡೋ ಸಾಧನ ಯಂತ್ರ. ನಿಯಂತ್ರಣ ಅನ್ನೋ ಪದದಲ್ಲಿ ಆ ಹಿಡಿತ ಇನ್ನೂ ಹಾಗೇ ಕಾಣುತ್ತೆ. ಲೋಕೋಪಯೋಗಿ ಇಲಾಖೆ ಆಫೀಸಿನ ಬೋರ್ಡ್ ಮೇಲೆ 'ಕಾರ್ಯಪಾಲಕ ಅಭಿಯಂತರರು' ಅಂತ ಬರೆದಿರುತ್ತಲ್ಲ, ಇಂಜಿನಿಯರ್ ಅನ್ನೋದಕ್ಕೆ ಸರ್ಕಾರಿ ಕನ್ನಡದ ಆ ಪದವೂ ಇದೇ 'ಯಮ್' ಮನೆಯದು. 'ತನ್' ಅಂದರೆ ಎಳೆದು ಹರಡು. ನೂಲನ್ನು ಎಳೆದು ಕಟ್ಟಿ ಬಟ್ಟೆ ನೇಯೋ ಮಗ್ಗ, ಅದರ ಹಾಸು, ಇವೇ ತಂತ್ರದ ಹಳೇ ಅರ್ಥ. ಅಲ್ಲಿಂದ ವ್ಯವಸ್ಥೆ, ಕೆಲಸದ ಕ್ರಮ, ಉಪಾಯ ಅಂತ ಅರ್ಥ ಬೆಳೆದು ಕೊನೆಗೆ ತಂತ್ರಜ್ಞಾನ ಆಯಿತು. ಹಾರ್ಡ್‌ವೇರ್‌ಗೆ ಯಂತ್ರಾಂಶ, ಸಾಫ್ಟ್‌ವೇರ್‌ಗೆ ತಂತ್ರಾಂಶ ಅಂತ ಕನ್ನಡದಲ್ಲಿ ಬರೀತೀವಿ.

ಮಂತ್ರ, ಯಂತ್ರ, ತಂತ್ರ. ಮೂರು ಪದಗಳ ಬಾಲವೂ ಒಂದೇ. ಮೂರೂ ಸಾಧನಗಳೇ. ಒಂದು ಯೋಚಿಸೋಕೆ, ಒಂದು ಹಿಡಿತದಲ್ಲಿಡೋಕೆ, ಒಂದು ನೇಯೋಕೆ. ಮಂತ್ರ ಅಂದ ಕೂಡಲೇ ನಾವು ಅದನ್ನು ಟೆಕ್ನಾಲಜಿಯ ಎದುರು ಪಕ್ಷದಲ್ಲಿ ಕೂರಿಸುತ್ತೀವಿ. ಪದದ ಮಟ್ಟಿಗೆ ನೋಡಿದರೆ ಅವೆಲ್ಲ ಒಂದೇ ವರ್ಕ್‌ಶಾಪ್‌ನಲ್ಲಿ ತಯಾರಾದವು.

ಇಸಿ ಬ್ರಾಂಚಿನವರಿಗೆ ಒಂದು ಬೋನಸ್. ಸಂಸ್ಕೃತದ 'ತ್ರ'ಕ್ಕೆ ಗ್ರೀಕ್‌ನಲ್ಲಿ ಒಬ್ಬ ಅಣ್ಣತಮ್ಮ ಇದ್ದಾನೆ, 'ಟ್ರಾನ್' ಅಂತ. ಗ್ರೀಕರ ನೇಗಿಲು 'ಅರೊಟ್ರಾನ್', ಅಂದರೆ ಉಳೋ ಸಾಧನ. 20ನೇ ಶತಮಾನದ ಆರಂಭದಲ್ಲಿ ವ್ಯಾಕ್ಯೂಮ್ ಟ್ಯೂಬ್‌ಗಳಿಗೆ ಹೆಸರಿಡುವಾಗ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಈ ಪ್ರತ್ಯಯವನ್ನು ಎತ್ತಿಕೊಂಡು 'ಕೆನೊಟ್ರಾನ್' ಅಂತ ಕರೆದ. 'ಕೆನೊಸ್' ಅಂದರೆ ಖಾಲಿ, ಹಾಗಾಗಿ 'ಖಾಲಿ ಜಾಗದ ಸಾಧನ'. ಮೈಕ್ರೋವೇವ್ ಓವನ್ ಒಳಗೆ ಕೂತಿರೋ ಮ್ಯಾಗ್ನೆಟ್ರಾನ್ ಕೂಡ ಅದೇ ಸಾಲಿನ ಹೆಸರು. ಎಲೆಕ್ಟ್ರಾನ್ ಮಾತ್ರ ಬೇರೆ ಕಥೆ, ಅದು ಅಂಬರ್ ಅನ್ನೋ ಪಳೆಯುಳಿಕೆ ಅಂಟಿನ ಗ್ರೀಕ್ ಹೆಸರಿನಿಂದ ಬಂದದ್ದು. ಕನ್ನಡದಲ್ಲೂ ಹಾಗೇ, ಕೊನೆಯಲ್ಲಿ 'ತ್ರ' ಕಂಡಿದ್ದೆಲ್ಲ ಸಾಧನ ಅಲ್ಲ. ಪುತ್ರನನ್ನು ಯಾರೂ ಟೂಲ್‌ಬಾಕ್ಸ್‌ಗೆ ಹಾಕಬೇಡಿ.

ಎರಡನೇ ತುಂಡು: ದಂಡ

'ದಂಡ' ಅಂದರೆ ಮೂಲದಲ್ಲಿ ಕೋಲು, ಅಷ್ಟೇ. ಆದರೆ ಆ ಕೋಲು ಯಾರ ಕೈಗೆ ಹೋಯಿತು ಅನ್ನೋದರ ಮೇಲೆ ಅರ್ಥ ಬದಲಾಗುತ್ತಾ ಹೋಗಿದೆ.

ರಾಜನ ಕೈಗೆ ಹೋದಾಗ ಅದು ಶಿಕ್ಷೆ ಆಯಿತು, ದಂಡನೆ. ಶಿಕ್ಷೆಯನ್ನು ದುಡ್ಡಿನಲ್ಲಿ ತೀರಿಸಿದಾಗ ನಾವು ಲೈಬ್ರರಿಯಲ್ಲಿ ಕಟ್ಟೋ ದಂಡ ಆಯಿತು. ಸಾಮ, ದಾನ, ಭೇದ, ದಂಡ ಅನ್ನೋ ನಾಲ್ಕು ಉಪಾಯಗಳಲ್ಲಿ ಕೊನೆಯದು ಇದೇ. ಜಿಲ್ಲಾಧಿಕಾರಿಗಳ ಹೆಸರಿನ ಕೆಳಗೆ 'ಜಿಲ್ಲಾ ದಂಡಾಧಿಕಾರಿ' ಅಂತಲೂ ಇರುತ್ತೆ, ಮ್ಯಾಜಿಸ್ಟ್ರೇಟ್ ಅನ್ನೋ ಅರ್ಥದಲ್ಲಿ. ಶಿಕ್ಷೆ ಕೊಡೋ ಬಲ ಅಂದರೆ ಸೈನ್ಯವೂ ಹೌದು. ಹೊಯ್ಸಳರ ಶಾಸನಗಳಲ್ಲಿ ಬರೋ ದಂಡನಾಯಕ ಅಂದರೆ ಸೇನಾಪತಿ. ವಿಷ್ಣುವರ್ಧನನ ಗಂಗರಾಜ ಅಂಥವನು. ಆ ಪದ ಬಾಯಿಂದ ಬಾಯಿಗೆ ಸವೆದು 'ದಣ್ಣಾಯಕ' ಆಯಿತು. ಸೈನ್ಯಕ್ಕೆ ನಾವು ಹೇಳೋ 'ದಂಡು' ಕೂಡ ಇದರದ್ದೇ ರೂಪ. ಬೆಂಗಳೂರು ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ ಇಳಿದರೆ ಕನ್ನಡ ಬೋರ್ಡ್ ನೋಡಿ, 'ಬೆಂಗಳೂರು ದಂಡು' ಅಂತ ಬರೆದಿರುತ್ತೆ.

ಅಳೆಯೋರ ಕೈಗೆ ಹೋದಾಗ ಅದೇ ಕೋಲು ಅಳತೆ ಆಯಿತು. ಅರ್ಥಶಾಸ್ತ್ರದ ಲೆಕ್ಕದಲ್ಲಿ 4 ಮೊಳ ಸೇರಿದರೆ 1 ದಂಡ, ಸುಮಾರು ಒಬ್ಬ ಮನುಷ್ಯನ ಎತ್ತರ. ಇಂಗ್ಲೆಂಡಿನಲ್ಲೂ ಹೀಗೇ ಆಗಿದೆ, ಅಲ್ಲಿನ 'ರಾಡ್' ಅನ್ನೋ ಅಳತೆ 16.5 ಅಡಿ. ಸಿವಿಲ್‌ನವರು ಸರ್ವೇ ಪ್ರಾಕ್ಟಿಕಲ್‌ಗೆ ಬಿಸಿಲಲ್ಲಿ ಹೊತ್ತುಕೊಂಡು ಹೋಗೋ ರೇಂಜಿಂಗ್ ರಾಡ್, ಲೆವೆಲಿಂಗ್ ಸ್ಟಾಫ್ ಇವೂ ಹೆಸರಿನಲ್ಲಿ ಕೋಲುಗಳೇ. ಅಳತೆಯ ಕೋಲಿಗೆ ಸಂಸ್ಕೃತದಲ್ಲಿ 'ಮಾನದಂಡ' ಅಂತ ಹೆಸರು. ಕಾಳಿದಾಸ ಕುಮಾರಸಂಭವದ ಮೊದಲ ಪದ್ಯದಲ್ಲೇ ಹಿಮಾಲಯವನ್ನು ಭೂಮಿಯ ಮಾನದಂಡಕ್ಕೆ ಹೋಲಿಸಿದ್ದಾನೆ. ಇವತ್ತು ಆಯ್ಕೆಗೆ ಏನು ಮಾನದಂಡ, ಗುಣಮಟ್ಟಕ್ಕೆ ಏನು ಮಾನದಂಡ ಅಂತ ಕೇಳುವಾಗ ನಾವು ಆ ಅಳತೆಯ ಕೋಲನ್ನೇ ಎತ್ತಿ ಹಿಡಿಯುತ್ತಿರುತ್ತೀವಿ. ಈ ಪದವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇನ್ನು ಚಿಲ್ಲರೆ ಅರ್ಥಗಳು ಬಹಳ ಇವೆ. ಶ್ಲೋಕದ ಸಾಲಿನ ಕೊನೆಗೆ ಹಾಕೋ ಉದ್ದ ಗೆರೆಗೂ ದಂಡ ಅಂತಲೇ ಹೆಸರು. ಕೋಲಿನ ಹಾಗೆ ನೆಲಕ್ಕೆ ಉದ್ದಕ್ಕೆ ಬಿದ್ದು ಮಾಡೋದು ದೀರ್ಘದಂಡ ನಮಸ್ಕಾರ. 'ಫೀಸ್ ಕಟ್ಟಿದ್ದೂ ದಂಡ' ಅಂತ ಮನೆಯಲ್ಲಿ ಬೈಸಿಕೊಳ್ಳುವಾಗ ಅದರ ಅರ್ಥ ವ್ಯರ್ಥ. ಬೈಸಿಕೊಂಡವನು ದಂಡಪಿಂಡ.

ಮಂತ್ರದಂಡವೋ, ಮಂತ್ರಕೋಲೋ?

ಎರಡೂ ತುಂಡು ಸೇರಿಸಿದರೆ 'ಮಂತ್ರದ ದಂಡ', ಮಂತ್ರದಂಡ. ಹೈಸ್ಕೂಲಿನ ವ್ಯಾಕರಣದ ಪ್ರಕಾರ ತತ್ಪುರುಷ ಸಮಾಸ. ತಮಿಳಿನವರು ಇದಕ್ಕೆ 'ಮಂದಿರಕ್ಕೋಲ್' ಅನ್ನುತ್ತಾರೆ, ಅಂದರೆ ಮಂತ್ರದ ಕೋಲು. ಕೋಲು ನಮ್ಮಲ್ಲೂ ಇದೆಯಲ್ಲ, ನಾವು ಯಾಕೆ ಹಾಗೆ ಹೇಳಲಿಲ್ಲ?

ಹಳೇ ವ್ಯಾಕರಣಕಾರರು ಸಂಸ್ಕೃತ ಪದ ಮತ್ತು ಕನ್ನಡ ಪದವನ್ನು ಒಂದೇ ಸಮಾಸದಲ್ಲಿ ಕೂಡಿಸೋದನ್ನು ಒಪ್ಪುತ್ತಿರಲಿಲ್ಲ. ಅದಕ್ಕೆ 'ಅರಿಸಮಾಸ' ಅಂತ ಹೆಸರು. 'ಅರಿ' ಅಂದರೆ ಶತ್ರು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದರ ಬಗ್ಗೆ ಹೇಳಿ, ಎಲ್ಲೆಲ್ಲಿ ವಿನಾಯಿತಿ ಅಂತಲೂ ಹೇಳಿದ್ದಾನೆ. ಮಂತ್ರ ಮತ್ತು ದಂಡ ಎರಡೂ ಸಂಸ್ಕೃತ, ಹಾಗಾಗಿ ಜಗಳ ಇಲ್ಲ. 'ಮಂತ್ರಕೋಲು' ಅಂದರೆ ಅರಿಸಮಾಸ. ಈಗಂತೂ ನಾವು 'ರೈಲು ನಿಲ್ದಾಣ' ಅಂತ ಆರಾಮಾಗಿ ಹೇಳ್ತೀವಿ, ಶತ್ರುಗಳೆಲ್ಲ ಯಾವಾಗಲೋ ರಾಜಿ ಆಗಿದ್ದಾರೆ. ಹಾಗಾಗಿ ಮಕ್ಕಳ ಕಥೆ ಬರೆಯೋರು ಮಂತ್ರದ ಕೋಲು ಅಂತ ಬರೆದರೂ ಯಾರೂ ದಂಡ ಹಾಕೋದಿಲ್ಲ.

ಕೋಲಿಗೂ ಅದರದ್ದೇ ಸಂಸಾರ ಇದೆ. ನೆಲಕ್ಕೆ ಊರೋದು ಊರುಗೋಲು. ಮೊಸರು ಕಡೆಯೋದು ಕಡೆಗೋಲು, ಉಡುಪಿ ಕೃಷ್ಣನ ಕೈಯಲ್ಲಿ ಇರೋದು ಅದೇ. ಭಾರ ಮೀಟೋದು ಸನ್ನೆಕೋಲು, ನಮ್ಮ ಮೆಕ್ಯಾನಿಕ್ಸ್‌ನ ಲಿವರ್. 'ಊರುಗೋಲು', 'ಕಡೆಗೋಲು' ಎರಡರಲ್ಲೂ ಕ ಹೋಗಿ ಗ ಬಂದಿರೋದನ್ನು ಗಮನಿಸಿ, ಅದು ಆದೇಶ ಸಂಧಿ. 2023ರಲ್ಲಿ ಹೊಸ ಸಂಸತ್ ಭವನದಲ್ಲಿ ಇಟ್ಟ ಸೆಂಗೋಲ್‌ನಲ್ಲಿ ಇರೋದೂ ತಮಿಳಿನ ಇದೇ ಕೋಲು. ಅದರ ಅರ್ಥ ನೆಟ್ಟಗಿನ ಕೋಲು, ಅಂದರೆ ನ್ಯಾಯದ ಆಳ್ವಿಕೆ.

ಬೇರೆ ಭಾಷೆಗಳ ಕೋಲು

ಇಂಗ್ಲಿಷ್‌ನ 'ವಾಂಡ್' ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಯಿಂದ ಬಂದದ್ದು. ಬಗ್ಗೋ ಎಳೇ ಕಡ್ಡಿ ಅಂತ ಅರ್ಥ. ಸುತ್ತು, ತಿರುಗು ಅನ್ನೋ ಅರ್ಥದ 'ವೈಂಡ್' ಅದರ ಸಂಬಂಧಿ. ಹುಟ್ಟುವಾಗ ಅದರಲ್ಲಿ ಜಾದೂ ಏನೂ ಇರಲಿಲ್ಲ. ಫ್ರೆಂಚ್‌ನವರು 'ಬಾಗೆಟ್' ಅನ್ನುತ್ತಾರೆ. ಹೌದು, ಆ ಉದ್ದನೆಯ ಬ್ರೆಡ್‌ಗೂ ಅದೇ ಹೆಸರು, ಯಾಕಂದರೆ ಎರಡೂ ಕೋಲಿನ ಆಕಾರ. ಜರ್ಮನ್‌ನಲ್ಲಿ 'ತ್ಸೌಬರ್‌ಷ್ಟಾಬ್', ಮಾಯೆಯ ಕೋಲು.

ಕಂಪ್ಯೂಟರ್‌ನಲ್ಲೂ ಒಂದು ಮಂತ್ರದಂಡ ಇದೆ. 1990ರ ಮೊದಲ ಆವೃತ್ತಿಯಿಂದಲೂ ಫೋಟೋಶಾಪ್‌ನಲ್ಲಿ ಮ್ಯಾಜಿಕ್ ವಾಂಡ್ ಟೂಲ್ ಇದೆ. ಒಂದು ಕಡೆ ಕ್ಲಿಕ್ ಮಾಡಿದರೆ ಅದೇ ಬಣ್ಣದ ಜಾಗವೆಲ್ಲ ಸೆಲೆಕ್ಟ್ ಆಗುತ್ತೆ. ಒಳಗೆ ನಡೆಯೋದು ಮಾತ್ರ ಸರಳ ಹೋಲಿಕೆ. ಕ್ಲಿಕ್ ಮಾಡಿದ ಪಿಕ್ಸೆಲ್‌ನ ಬಣ್ಣಕ್ಕೂ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡೋದು. 0ಯಿಂದ 255ರವರೆಗೆ ನಾವು ಕೊಟ್ಟ ಟಾಲರೆನ್ಸ್ ಒಳಗಿದ್ದರೆ ಸೇರಿಸಿಕೊಳ್ಳೋದು, ಇಲ್ಲದಿದ್ದರೆ ಬಿಡೋದು. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಗ್ರಾಫ್ ಟ್ರಾವರ್ಸಲ್ ಓದಿದವರು ಇದನ್ನು ಒಂದು ಸಂಜೆಯಲ್ಲಿ ಬರೆಯಬಹುದು.

ಕಥೆಗಳಲ್ಲಿ ಕೋಲು ಏನು ಮಾಡಿತು?

ಗ್ರೀಕರ ಹಳೇ ಕಾವ್ಯ ಒಡಿಸ್ಸಿಯಲ್ಲಿ ಸರ್ಸಿ ಅನ್ನೋ ಮಾಯಾವಿನಿ ಬರುತ್ತಾಳೆ. ನಾವಿಕರನ್ನು ಕೋಲಿನಿಂದ ತಟ್ಟಿ ಹಂದಿಗಳನ್ನಾಗಿ ಮಾಡುತ್ತಾಳೆ. ಆದರೆ ತಟ್ಟೋ ಮುಂಚೆ ಅವರ ಊಟದಲ್ಲಿ ಮದ್ದು ಹಾಕಿರುತ್ತಾಳೆ. ಕೋಲೊಂದನ್ನೇ ನಂಬಿ ಕೂತಿಲ್ಲ ಅವಳು.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರ ವಸಿಷ್ಠರ ಮೇಲೆ ಒಂದಾದ ಮೇಲೊಂದು ಅಸ್ತ್ರ ಬಿಡುತ್ತಾನೆ. ವಸಿಷ್ಠರು ಎದುರಿಗೆ ಹಿಡಿಯೋದು ಒಂದೇ ಒಂದು ಕೋಲು, ಬ್ರಹ್ಮದಂಡ. ಅದು ಎಲ್ಲವನ್ನೂ, ಬ್ರಹ್ಮಾಸ್ತ್ರವನ್ನು ಕೂಡ, ನುಂಗಿಬಿಡುತ್ತೆ. ಸೋತ ವಿಶ್ವಾಮಿತ್ರ ಮುಂದೆ ಏನು ಮಾಡಿದ? ನನಗೂ ಅಂಥದ್ದೇ ಕೋಲು ಬೇಕು ಅಂತ ಹುಡುಕಿಕೊಂಡು ಹೋಗಲಿಲ್ಲ, ತಪಸ್ಸಿಗೆ ಹೋದ. ಬಲ ಇರೋದು ಕೋಲಿನಲ್ಲಲ್ಲ, ಹಿಡಿದವರ ವರ್ಷಗಟ್ಟಲೆ ಸಾಧನೆಯಲ್ಲಿ ಅಂತ ಅವನಿಗೆ ಗೊತ್ತಾಗಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೂರನೇ ಕಥೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಪುತ್ರಕ ಅನ್ನೋನ ಕಥೆ ಬರುತ್ತೆ. ವಿಂಧ್ಯದ ಕಾಡಲ್ಲಿ ಇಬ್ಬರು ಅಣ್ಣತಮ್ಮಂದಿರು ಮೂರು ವಸ್ತುಗಳಿಗಾಗಿ ಹೊಡೆದಾಡುತ್ತಿರುತ್ತಾರೆ. ನೆನೆದ ಊಟ ಕೊಡೋ ಪಾತ್ರೆ, ಹಾರಿಸಿಕೊಂಡು ಹೋಗೋ ಪಾದುಕೆ, ಮತ್ತೆ ಒಂದು ಕೋಲು. ಆ ಕೋಲಿನಿಂದ ಏನು ಬರೆದರೆ ಅದು ನಿಜ ಆಗುತ್ತೆ. ಹೊಡೆದಾಟ ಯಾಕೆ, ಓಡಿ ಗೆದ್ದವನು ತಗೊಳ್ಳಲಿ ಅಂತ ಪುತ್ರಕ ಪುಸಲಾಯಿಸುತ್ತಾನೆ. ಅವರು ಅತ್ತ ಓಡಿದ ಕೂಡಲೇ ಪಾದುಕೆ ಹಾಕಿಕೊಂಡು ಮೂರನ್ನೂ ಎತ್ತಿಕೊಂಡು ಹಾರಿಬಿಡುತ್ತಾನೆ. ಆಮೇಲೆ ಪಾಟಲಿ ಅನ್ನೋ ರಾಜಕುಮಾರಿಯ ಜೊತೆ ಗಂಗೆಯ ದಡಕ್ಕೆ ಬಂದು, ಆ ಕೋಲಿನಿಂದ ಒಂದು ಊರಿನ ಚಿತ್ರ ಬಿಡಿಸುತ್ತಾನೆ. ಊರು ಎದ್ದು ನಿಲ್ಲುತ್ತೆ. ಅದೇ ಪಾಟಲಿಪುತ್ರ, ಇವತ್ತಿನ ಪಾಟ್ನಾ.

ಆ ಇಬ್ಬರು ಅಣ್ಣತಮ್ಮಂದಿರು ಯಾರ ಮಕ್ಕಳು ಗೊತ್ತಾ? ಮಯಾಸುರನ ಮಕ್ಕಳು. ಮಹಾಭಾರತದಲ್ಲಿ ಇಂದ್ರಪ್ರಸ್ಥದ ಸಭಾಭವನ ಕಟ್ಟಿದ ಶಿಲ್ಪಿ ಮಯ. ಅಂದರೆ ನಮ್ಮ ಹಳೇ ಕಥೆಯ ಮಂತ್ರದಂಡ ಇದ್ದದ್ದು ಒಬ್ಬ ಇಂಜಿನಿಯರ್ ಮನೆಯಲ್ಲಿ! ಮತ್ತೆ ಅದು ಕೆಲಸ ಮಾಡಿದ್ದು ಸುಮ್ಮನೆ ಬೀಸಿದ್ದಕ್ಕಲ್ಲ. ಊರು ಹೇಗಿರಬೇಕು ಅಂತ ತಲೆಯಲ್ಲಿ ಇರಬೇಕು, ಅದನ್ನು ಬಿಡಿಸೋಕೆ ಬರಬೇಕು. ಡ್ರಾಯಿಂಗ್ ಬಾರದವನಿಗೆ ಆ ಕೋಲು ಕೊಟ್ಟಿದ್ದರೆ ಪಾಟಲಿಪುತ್ರದ ಗತಿ ಏನಾಗುತ್ತಿತ್ತು ಅಂತ ಇಂಜಿನಿಯರಿಂಗ್ ಗ್ರಾಫಿಕ್ಸ್ ಬರೆದವರು ಯೋಚಿಸಿ.

ಆ ಕೋಲಿಗೆ ಸೋಮದೇವ ಬಳಸಿದ ಪದ 'ಯಷ್ಟಿ'. ಯಷ್ಟಿ ಪ್ರಾಕೃತದಲ್ಲಿ 'ಲಟ್ಠಿ' ಆಗಿ, ಕೊನೆಗೆ ಪೊಲೀಸರ ಕೈಯ ಲಾಠಿ ಆಯಿತು. ಗಂಟಲು ಕೆಟ್ಟಾಗ ಅಜ್ಜಿ ಕೊಡೋ ಜೇಷ್ಠಮಧು ಕೂಡ ಮೂಲದಲ್ಲಿ 'ಯಷ್ಟಿಮಧು', ಸಿಹಿ ಕಡ್ಡಿ.

ಕನ್ನಡದ್ದೇ ಮಾಯೆ

ಮಂತ್ರ, ದಂಡ ಎರಡೂ ಸಂಸ್ಕೃತ ಆದವು. ಕನ್ನಡದ್ದೇ ಆದ ಪದ ಇಲ್ವಾ? ಇದೆ. ಆಡು ಇಂದ ಆಟ, ಓಡು ಇಂದ ಓಟ, ನೋಡು ಇಂದ ನೋಟ. ಹಾಗೆಯೇ ಮಾಡು ಇಂದ ಮಾಟ. ಮಾಟ ಅಂದರೆ ಮೂಲದಲ್ಲಿ 'ಮಾಡಿದ್ದು', ಅಷ್ಟೇ. ಚೆನ್ನಾಗಿ ಮಾಡಿದ ವಸ್ತುವನ್ನು ಮಾಟವಾಗಿದೆ ಅಂತ ಈಗಲೂ ಹೊಗಳುತ್ತೀವಿ. ಸ್ಟೇಜ್ ಮೇಲಿನ ಜಾದೂಗೆ 'ಕಣ್ಕಟ್ಟು' ಅನ್ನೋ ಪದ ಇದೆ, ಕಣ್ಣನ್ನು ಕಟ್ಟೋದು. ಮ್ಯಾಜಿಕ್ ಅಂದರೆ ನಿಜವಾಗಿ ನಡೆಯೋದು ಏನು ಅಂತ ಇಷ್ಟು ಪ್ರಾಮಾಣಿಕವಾಗಿ ಹೇಳೋ ಪದ ಇನ್ನೊಂದಿಲ್ಲ. 'ಜಾದೂ' ಪರ್ಷಿಯನ್ ಕಡೆಯಿಂದ ಬಂದದ್ದು, ಅದರ ಹಳೇ ನೆಂಟ ವೇದದ 'ಯಾತು'.

ಹಾಗಾದರೆ ಮಂತ್ರದಂಡ ಇಲ್ವಾ?

ಈಗ ಮೊದಲು ಹೇಳಿದ ಮೈಕ್ ಮುಂದಿನ ಮಾತಿಗೆ ವಾಪಸ್ ಬರೋಣ. 'ಮಂತ್ರ'ಕ್ಕೆ ಹಳೇ ಕಾಲದಿಂದ ಇನ್ನೊಂದು ಅರ್ಥವೂ ಇದೆ, ಸಲಹೆ, ಗುಟ್ಟಾಗಿ ಕೂತು ಮಾಡೋ ಆಲೋಚನೆ. ಮಂತ್ರಾಲೋಚನೆ ಅನ್ನೋದು ಅದಕ್ಕೇ. ಸಲಹೆ ಕೊಡೋನು ಮಂತ್ರಿ. ದಂಡ ಅಂದರೆ ಆಳುವ ಬಲ. ಯೋಚನೆ ಮಾಡೋ ಕೆಲಸ, ಜಾರಿಗೆ ತರೋ ಬಲ, ಎರಡೂ ಇರೋ ಕುರ್ಚಿಯಲ್ಲಿ ಕೂತು 'ಮಂತ್ರದಂಡ ಇಲ್ಲ' ಅಂದರೆ ಪದಕೋಶ ನಗುತ್ತೆ.

ನಿಜ ಹೇಳಬೇಕಂದರೆ ಅಲ್ಲಿ ಯಾರೂ ಮಂತ್ರದಂಡ ಕೇಳಿರಲೇ ಇಲ್ಲ. ಚರಂಡಿ ಎಷ್ಟು ಅಗಲ ಇರಬೇಕಿತ್ತು, ಎಷ್ಟು ಇದೆ? ಯಾವ ತಾರೀಖಿಗೆ ಕೆಲಸ ಮುಗಿಯಬೇಕಿತ್ತು? ಜನ ಕೇಳಿದ್ದು ಇದನ್ನು. ಅಂದರೆ ಮಾನದಂಡವನ್ನು. ಇದು ನಮಗೂ ಅನ್ವಯಿಸುತ್ತೆ. ಇವತ್ತು ಎಐ ಟೂಲ್‌ಗೆ ಒಂದು ಪ್ರಾಂಪ್ಟ್ ಬರೆದರೆ ಇಡೀ ಪ್ರಾಜೆಕ್ಟ್‌ನ ಕೋಡ್ ಬಂದು ಬೀಳುತ್ತೆ. ಮಂತ್ರ ಹೇಳಿದ ಹಾಗೇ. ವೈವಾದಲ್ಲಿ "ಈ ಲೂಪ್ ಇಲ್ಲಿ ಯಾಕೆ?" ಅಂತ ಕೇಳಿದಾಗ ಮಾತ್ರ ತಂತ್ರ ಗೊತ್ತಿರಬೇಕು. ಬಂದ ಉತ್ತರ ಸರಿನಾ ತಪ್ಪಾ ಅಂತ ಅಳೆಯೋ ಕೋಲು ನಮ್ಮ ಕೈಯಲ್ಲಿ ಇಲ್ಲದಿದ್ದರೆ, ಡ್ರಾಯಿಂಗ್ ಬಾರದವನ ಕೈಗೆ ಪುತ್ರಕನ ಕೋಲು ಸಿಕ್ಕ ಹಾಗೆ.

ನೀವೇ ಬಿಚ್ಚಿ ನೋಡಿ

ಕೆಳಗಿನ ಪದಗಳನ್ನು ಬಿಡಿಸಿ ನೋಡಿ. ಬೇಕಾದ ಪಾರ್ಟ್ಸ್ ಎಲ್ಲ ಮೇಲೆಯೇ ಇವೆ.

1. ಸ್ವತಂತ್ರ (ಸುಳಿವು: ತನ್ನದೇ ಮಗ್ಗ, ತನ್ನದೇ ವ್ಯವಸ್ಥೆ)
2. ಆಮಂತ್ರಣ (ಸುಳಿವು: ಮಾತನಾಡಿ ಕರೆಯೋದು)
3. ಮೇರುದಂಡ (ಸುಳಿವು: ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತವರಿಗೆ ನೋಯೋದು)
4. ಅಳತೆಗೋಲು (ಸುಳಿವು: ಇದರಲ್ಲಿ ಯಾವ ಸಂಧಿ?)
5. ಸೂತ್ರ (ಸುಳಿವು: 'ಸಿವ್' ಅಂದರೆ ಹೊಲಿ. ಪರೀಕ್ಷೆ ಹಿಂದಿನ ರಾತ್ರಿ ನಾವು ಬಾಯಿಪಾಠ ಮಾಡೋ ಫಾರ್ಮುಲಾಗೆ ದಾರದ ಹೆಸರು ಯಾಕೆ ಬಂತು?)

ಐದನೆಯದಕ್ಕೆ ಒಳ್ಳೆ ಉತ್ತರ ಹೊಳೆದವರು ಕನ್ನಡ ಸಂಘದ ಗ್ರೂಪ್‌ನಲ್ಲಿ ಹಾಕಿ. ಮುಂದಿನ ಸಂಚಿಕೆಗೆ ಬಿಚ್ಚೋಕೆ ಒಂದು ಪದವನ್ನೂ ಜೊತೆಗೆ ಕಳಿಸಿ. ಸ್ಕ್ರೂಡ್ರೈವರ್ ರೆಡಿ ಇದೆ.